ಮಾಳದ ಮಗಳು, ಮುಕ್ತಿಯ ಒಡತಿ

ಬರ ಬಿತ್ತೆಂಬ ಸುದ್ದಿ ಬೆಂಗಳೂರಿಗೆ ಮೊದಲು ಮುಟ್ಟುವುದು ತರಗುಪೇಟೆಯಲ್ಲಿ. ಮಳೆ ಕೈಕೊಟ್ಟ ವರದಿ ಪತ್ರಿಕೆಗೆ ಬರುವ ಮೊದಲೇ ಅಲ್ಲಿನ ಮಂಡಿಗಳಲ್ಲಿ ರಾಗಿ, ಅಕ್ಕಿ, ಬೇಳೆಯ ಧಾರಣೆ ಏರಿರುತ್ತದೆ. ಮೂಟೆ ಹೊರುವ ಹಮಾಲಿಗೂ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಸಾಹುಕಾರನಿಗೂ ವಿಷಯ ಗೊತ್ತಾಗಿರುತ್ತದೆ. ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರ ಎಂದು ಕರೆಯುತ್ತಿದ್ದ 1876–78ರ ಕ್ಷಾಮ ಮಾತ್ರ ಪೇಟೆಯ ಧಾರಣೆಗೆ ನಿಲ್ಲಲಿಲ್ಲ, ಜನಗಣತಿಗೂ ಇಳಿಯಿತು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. ಹತ್ತು ವರ್ಷ ಕಳೆದು ಎಣಿಸಿದಾಗ 41 ಲಕ್ಷ 86 ಸಾವಿರ.

ಆ ಬರದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಸಾಕಲು ವೆಸ್ಲಿಯನ್ ಮೆಥಡಿಸ್ಟ್ ಮಿಷನ್ ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯ ತೆರೆಯಿತು. ಇದೇ ಮಿಷನ್ 1821ರಲ್ಲಿ ಬೆಂಗಳೂರಿಗೆ ಕಾಲಿಟ್ಟದ್ದು. ತರಗುಪೇಟೆಯಿಂದ ಕಾರ್ಪೊರೇಷನ್ ಕಡೆಗೆ ನಡೆದರೆ ಸಿಗುವ, 1904ರಲ್ಲಿ ಕಟ್ಟಿದ ಹಡ್ಸನ್ ಚರ್ಚ್ ಅದರ ಗುರುತು. 1870ರ ದಶಕದಲ್ಲಿ ಅಮೆರಿಕದ ಮೆಥಡಿಸ್ಟರೂ ವಿಲಿಯಂ ಟೇಲರ್ ಎಂಬ ಬೋಧಕನ ಬೆನ್ನಹಿಂದೆ ಊರಿಗೆ ಬಂದರು. ಬಾಲ್ಡ್‌ವಿನ್ ಶಾಲೆಗಳು ಅವರವು. ವೆಸ್ಲಿಯನ್ನರ ಬ್ರಿಟಿಷ್ ಶಾಖೆ 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್ಐನಲ್ಲಿ ಸೇರಿಕೊಂಡಿತು. ಅಮೆರಿಕನ್ ಶಾಖೆ ಇಂದಿಗೂ ಮೆಥಡಿಸ್ಟ್ ಹೆಸರಿನಲ್ಲೇ ಕೋಲಾರ, ಬೀದರ್, ಯಾದಗಿರಿಗಳಲ್ಲಿ ಉಳಿದಿದೆ.

1870ರ ದಶಕದಲ್ಲೇ, ಕನ್ನಡ ಕರಾವಳಿಯ ಘಟ್ಟದಲ್ಲಿ ಹುಟ್ಟಿದ್ದ ಒಬ್ಬ ಹುಡುಗಿ ಹಸಿವಿನಿಂದ ಅಪ್ಪ, ಅಮ್ಮ, ಅಕ್ಕನನ್ನು ಕಳೆದುಕೊಂಡು ದಕ್ಷಿಣದಿಂದ ಉತ್ತರಕ್ಕೆ ಕಾಲ್ನಡಿಗೆಯಲ್ಲಿ ಅಲೆಯುತ್ತಿದ್ದಳು. ಮುಂದೆ ಅವಳು ವಿಧವೆಯಾದಳು, ಕ್ರೈಸ್ತಳಾದಳು, ಬರ ಬಿದ್ದ ಸೀಮೆಗಳಿಂದ ಸಾವಿರಾರು ಹೆಣ್ಣುಮಕ್ಕಳನ್ನು ಎತ್ತಿತಂದು ಸಾಕಿದಳು. ಪಂಡಿತಾ ರಮಾಬಾಯಿ ಎಂಬ ಹೆಸರನ್ನು ಮಹಾರಾಷ್ಟ್ರದವರು ತಮ್ಮದೆಂದು ಹೇಳಿಕೊಳ್ಳುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಹುಟ್ಟಿದ್ದು ಮಾತ್ರ ನಮ್ಮ ಕಾರ್ಕಳ ಸೀಮೆಯಲ್ಲಿ. ಅವರು ಮೆಥಡಿಸ್ಟ್ ಸಭೆಗೆ ಸೇರಿದವರಲ್ಲ, ಕಡೆಗಾಲದಲ್ಲಿ ಯಾವ ಸಭೆಯ ಪಟ್ಟಿಗೂ ಅಂಟಿಕೊಂಡವರಲ್ಲ. ಆದರೆ ಅವರ ಬದುಕಿನ ಬಹುದೊಡ್ಡ ಎರಡು ಅಧ್ಯಾಯಗಳಲ್ಲಿ ಪಕ್ಕದಲ್ಲಿ ನಿಂತವರು ಮೆಥಡಿಸ್ಟ್ ಹೆಂಗಸರು.

ಉಡುಪಿಯ ಪಂಡಿತರ ಮುಂದೆ

ಕಾರ್ಕಳ ತಾಲ್ಲೂಕಿನ ಮಾಳದಲ್ಲಿ ಚಿತ್ಪಾವನ ಬ್ರಾಹ್ಮಣರ ಮನೆಗಳು ಇಂದಿಗೂ ಇವೆ. ಒಳಗೆ ಚಿತ್ಪಾವನಿ, ಅಂಗಳ ದಾಟಿದರೆ ತುಳು, ಪೇಟೆಗೆ ಹೋದರೆ ಕನ್ನಡ. ಅಂಥದೊಂದು ಮನೆಯ ಮಗ ಅನಂತಶಾಸ್ತ್ರಿ ಡೋಂಗ್ರೆ. ಸಂಸ್ಕೃತ ಕಲಿಯಲು ಪುಣೆಗೆ ಹೋದ ಹುಡುಗ. ಅಲ್ಲಿ ಅವರ ಗುರುಗಳು ಎರಡನೇ ಬಾಜೀರಾಯ ಪೇಶ್ವೆಯ ಹೆಂಡತಿಗೆ ಸಂಸ್ಕೃತ ಹೇಳಿಕೊಡುತ್ತಿದ್ದುದನ್ನು ಕಂಡರು. ಒಬ್ಬ ಹೆಂಗಸು ಶ್ಲೋಕ ಹೇಳುವುದನ್ನು ಅವರು ಕೇಳಿದ್ದು ಅದೇ ಮೊದಲು. ತಾನೂ ಹೆಂಡತಿಗೆ ಕಲಿಸಬೇಕೆಂದು ಅಂದೇ ನಿಶ್ಚಯಿಸಿದರು.

ಮೊದಲ ಹೆಂಡತಿಯ ವಿಷಯದಲ್ಲಿ ಅದು ಆಗಲಿಲ್ಲ. ಆಕೆ ತೀರಿಕೊಂಡ ಮೇಲೆ ಯಾತ್ರೆಗೆ ಹೋದಾಗ ಗೋದಾವರಿ ತೀರದ ಪೈಠಣದಲ್ಲಿ ಮಿಂದು ನಿಂತಿದ್ದ ಶಾಸ್ತ್ರಿಗಳ ಬಳಿಗೆ ಇನ್ನೊಬ್ಬ ಯಾತ್ರಿಕ ಬಂದು ಮಾತಾಡಿಸಿದ. ಕುಲಗೋತ್ರ ವಿಚಾರಿಸಿದ, ತನ್ನ ಒಂಬತ್ತು ವರ್ಷದ ಮಗಳನ್ನು ಕೊಡುತ್ತೇನೆಂದ. ಮದುವೆ ಮರುದಿನವೇ ಆಯಿತು. ವರನ ವಯಸ್ಸು 44. ಹೆಣ್ಣಿನ ತಂದೆ ಅಲ್ಲಿಂದ ಹೊರಟುಹೋದ. ಈ ಸಂಗತಿಯನ್ನು ಮುಂದೆ ಬರೆದವಳು ಆ ಮದುವೆಯಿಂದ ಹುಟ್ಟಿದ ಮಗಳೇ. ಇಂಥ ಮದುವೆ ಎಷ್ಟು ಮಾಮೂಲಾಗಿತ್ತೆಂದರೆ, ಎಂಟು ವರ್ಷಕ್ಕಿಂತ ಚಿಕ್ಕ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದವರು ಹದಿನಾಲ್ಕರೊಳಗಿನ ಹುಡುಗಿಯರನ್ನು ಕಟ್ಟಿಕೊಳ್ಳುವುದನ್ನೂ ತಡೆಯಲು ಮೈಸೂರು ಸರ್ಕಾರ 1894ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು.

ಆ ಬಾಲಿಕೆ ಲಕ್ಷ್ಮೀಬಾಯಿಗೆ ಶಾಸ್ತ್ರಿಗಳು ಸಂಸ್ಕೃತ ಕಲಿಸತೊಡಗಿದರು. ಊರಿನವರು ಸುಮ್ಮನಿರಲಿಲ್ಲ. ದೂರು ಉಡುಪಿಯವರೆಗೆ ಹೋಯಿತು. ವಿದ್ವಾಂಸರ ಸಭೆಯ ಮುಂದೆ ನಿಂತು ಶಾಸ್ತ್ರಿಗಳು ಗ್ರಂಥಗಳಿಂದಲೇ ಆಧಾರ ತೆಗೆದುತೆಗೆದು ವಾದಿಸಿದರು. ಹೆಂಗಸರಿಗೆ ವೇದವಿಲ್ಲ, ಸರಿ. ಕಾವ್ಯ ಪುರಾಣಗಳಿಗೆ ಅಡ್ಡಿ ಎಲ್ಲಿದೆ? ಬಹಿಷ್ಕಾರವೇನೂ ಆಗಲಿಲ್ಲ. ಆದರೂ ಊರ ನಡುವೆ ಇರುವುದು ಬೇಡವೆನಿಸಿ ಘಟ್ಟ ಹತ್ತಿದರು. ಗಂಗಾಮೂಲದ ಕಾಡಿನಲ್ಲಿ ಗುಡಿಸಲು ಕಟ್ಟಿ, ಶಿಷ್ಯರನ್ನು ಇಟ್ಟುಕೊಂಡು, ಹೆಂಡತಿಗೆ ಪಾಠ ಮುಂದುವರಿಸಿದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು.

ಬಂದುಹೋಗುವ ಅತಿಥಿಗಳಿಗೆ ಊಟ ಹಾಕಿಹಾಕಿ ಶಾಸ್ತ್ರಿಗಳ ಕೈ ಬರಿದಾಯಿತು. ಮಗುವಿಗೆ ಆರು ತಿಂಗಳಾಗಿದ್ದಾಗ ಸಂಸಾರ ಯಾತ್ರೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರು. ಮುಂದೆ ಹದಿನೈದಿಪ್ಪತ್ತು ವರ್ಷ ಆ ಸಂಸಾರಕ್ಕೆ ಮನೆಯೆಂಬುದಿರಲಿಲ್ಲ. ಗುಡಿಯ ಜಗುಲಿ, ನದಿಯ ಮೆಟ್ಟಿಲು, ಛತ್ರ. ಪುರಾಣ ಓದುವುದು, ಕೇಳಿದವರು ಕೊಟ್ಟ ಅಕ್ಕಿ ಕಾಸಿನಲ್ಲಿ ಜೀವನ. ವಯಸ್ಸಾಗಿ ಕಣ್ಣು ಮಂಜಾದ ಅಪ್ಪನ ಬದಲು ಮಗಳಿಗೆ ಪಾಠ ಹೇಳಿದವಳು ಅಮ್ಮ. ಹದಿನೈದು ಹದಿನಾರರ ಹೊತ್ತಿಗೆ ರಮಾಗೆ ಭಾಗವತದ ಹದಿನೆಂಟು ಸಾವಿರ ಶ್ಲೋಕ ಬಾಯಿಗೆ ಬಂದಿದ್ದವು. ಮದುವೆಯನ್ನು ಮಾತ್ರ ಅಪ್ಪ ಮಾಡಲಿಲ್ಲ. ಹಿರಿಯ ಮಗಳಿಗೆ ಬಾಲ್ಯದಲ್ಲೇ ಮಾಡಿಸಿದ ಮದುವೆ ಮುರಿದು ಬಿದ್ದದ್ದನ್ನು ಅವರು ಮರೆತಿರಲಿಲ್ಲ.

ಸಜ್ಜೆ ರೊಟ್ಟಿಯ ಒಂದು ಚೂರು

1870ರ ದಶಕದ ನಡುವೆ ಮದ್ರಾಸ್ ಪ್ರಾಂತ್ಯಕ್ಕೆ ಬರ ಬಡಿದಾಗ ಪುರಾಣ ಕೇಳುವವರೇ ಇಲ್ಲವಾದರು. ಪಾತ್ರೆಪಡಗ, ಒಡವೆ, ಬಟ್ಟೆ ಒಂದೊಂದಾಗಿ ಮಾರಿ ತಿಂದರು. ಬ್ರಾಹ್ಮಣರು ಕೂಲಿ ಮಾಡಬಾರದು, ಭಿಕ್ಷೆ ಕೇಳಲು ನಾಚಿಕೆ. ಕಾಡಿನ ಎಲೆ ತಿಂದು ಬದುಕಿದ ದಿನಗಳನ್ನು ರಮಾಬಾಯಿ ಮುಂದೆ ತಮ್ಮ ಬರಹದಲ್ಲಿ ದಾಖಲಿಸಿದ್ದಾರೆ. ಪುಣ್ಯತೀರ್ಥದಲ್ಲಿ ಜಲಸಮಾಧಿಯಾಗಲು ಅಪ್ಪ ಸಿದ್ಧರಾದಾಗ ಮಗ ಶ್ರೀನಿವಾಸ ತಡೆದು, ಜಾತಿಯ ಹಮ್ಮು ಬಿಟ್ಟು ಕೂಲಿಗೆ ಹೋಗುತ್ತೇನೆಂದ. ಸ್ವಲ್ಪ ದಿನದಲ್ಲೇ ಅಪ್ಪ ಕಣ್ಮುಚ್ಚಿದರು.

ತಿಂಗಳುಗಳೊಳಗೆ ಅಮ್ಮನ ಸರದಿ. ಜ್ವರದಲ್ಲಿ ಬಿದ್ದಿದ್ದ ಆಕೆ ಸಜ್ಜೆ ರೊಟ್ಟಿಯ ಒಂದು ಚೂರಿಗೆ ಕನವರಿಸುತ್ತಿದ್ದರು. ರಮಾ ನೆರೆಮನೆಯ ಬಾಗಿಲಿಗೆ ಹೋಗಿ ನಿಂತಳು. ಕೇಳಲು ಬಾಯಿ ಬರಲಿಲ್ಲ, ಕಣ್ಣೀರು ಬಂತು. ಮನೆಯಾಕೆ ತಾನೇ ಅರಿತು ರೊಟ್ಟಿ ಕೊಟ್ಟಳು. ಅಮ್ಮ ಸತ್ತಾಗ ಚಟ್ಟಕ್ಕೆ ಹೆಗಲು ಕೊಡಲು ಸಿಕ್ಕವರು ಇಬ್ಬರೇ. ಮೂರನೆಯವನು ಶ್ರೀನಿವಾಸ, ನಾಲ್ಕನೆಯವಳು ರಮಾ. ಕುಳ್ಳಗಿದ್ದ ಅವಳು ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದಳು. ಅಕ್ಕ ಕೃಷ್ಣಾಬಾಯಿಯೂ ಹೋದ ಮೇಲೆ ಉಳಿದವರು ಅಣ್ಣ ತಂಗಿ. ಸಾವಿರಾರು ಮೈಲಿ ನಡೆದು ಇಬ್ಬರೂ 1878ರಲ್ಲಿ ಕಲ್ಕತ್ತ ಮುಟ್ಟಿದರು.

ಕಲ್ಕತ್ತದ ಪಂಡಿತರಿಗೆ ಇದೊಂದು ಸೋಜಿಗ. ಇಪ್ಪತ್ತರ ಹೆಣ್ಣು, ಅವಿವಾಹಿತೆ, ಕೇಳಿದ ಪ್ರಶ್ನೆಗೆಲ್ಲ ಸಂಸ್ಕೃತದಲ್ಲೇ ಉತ್ತರ. ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಅದೇ ಕಲ್ಕತ್ತದಲ್ಲಿ ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿಟ್ಟರು. ಮಾಳದಲ್ಲಿ ಹೆಂಗಸರಿಗೆ ಸಲ್ಲದೆನಿಸಿಕೊಂಡಿದ್ದ ಗ್ರಂಥ ಅವರ ಕೈಗೆ ಬಂದದ್ದು ಹೀಗೆ.

ಇಪ್ಪತ್ಮೂರಕ್ಕೆ ವಿಧವೆ

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಸಿವಿಲ್ ಕಾಯ್ದೆಯಡಿ ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ. ಅಸ್ಸಾಮಿನ ಸಿಲ್ಚಾರ್‌ನಲ್ಲಿ ಸಂಸಾರ. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರುವರಿ 4ರಂದು ಕಾಲರಾ ಗಂಡನನ್ನು ಒಯ್ದಿತು.

ಕೂಸು ಕಟ್ಟಿಕೊಂಡು ಪುಣೆಗೆ ಬಂದ ವಿಧವೆ ಮೂಲೆ ಹಿಡಿಯಲಿಲ್ಲ. ಆ ವರ್ಷವೇ ಆರ್ಯ ಮಹಿಳಾ ಸಮಾಜ ಕಟ್ಟಿದರು, ‘ಸ್ತ್ರೀಧರ್ಮನೀತಿ’ ಎಂಬ ಮರಾಠಿ ಪುಸ್ತಕ ಬರೆದರು. ಶಿಕ್ಷಣ ಕುರಿತ ಹಂಟರ್ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯರು ಬೇಕು, ಹೆಂಗಸರಿಗೆ ಹೆಂಗಸರೇ ವೈದ್ಯರಾಗಿ ಬೇಕು ಎಂದು ಸಾಕ್ಷ್ಯ ನುಡಿದರು. ಗಂಡಸು ಡಾಕ್ಟರು ನಾಡಿ ಹಿಡಿಯಲೂ ಬಿಡದೆ ಹೆಂಗಸರು ಸಾಯುತ್ತಿದ್ದ ಕಾಲವದು. ತಾನೇ ವೈದ್ಯೆಯಾಗಬೇಕೆಂದು 1883ರಲ್ಲಿ ಮಗಳೊಡನೆ ಇಂಗ್ಲೆಂಡಿನ ಹಡಗು ಹತ್ತಿದರು. ಕಿವಿ ಮಂದವಾಗುತ್ತ ಬಂದದ್ದರಿಂದ ಆ ಆಸೆ ಕೈಗೂಡಲಿಲ್ಲ.

ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ವಾಸ. ಅಲ್ಲಿಯ ಸೋದರಿಯರು ಬಿದ್ದುಹೋದ ಹೆಣ್ಣುಮಕ್ಕಳನ್ನು ಮೇಲೆತ್ತಿ ಸಾಕುವುದನ್ನು ಕಂಡರು. ಸಮಾಜ ಉಗಿದು ಹೊರಹಾಕಿದ ಹೆಂಗಸನ್ನು ಕರೆದು ಕೂರಿಸುವ ಧರ್ಮವೊಂದಿದೆ ಎಂಬುದು ಅವರನ್ನು ಹಿಡಿದು ನಿಲ್ಲಿಸಿತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ದೀಕ್ಷಾಸ್ನಾನ ಪಡೆದರು. ಪುಣೆಯಲ್ಲಿ ಕೋಲಾಹಲವೆದ್ದಿತು. ಜೋತಿರಾವ್ ಫುಲೆ ಮಾತ್ರ ಅವರ ಪರವಾಗಿ ಬರೆದರು.

ಚರ್ಚಿಗೂ ಆಕೆ ಸುಲಭದ ತುತ್ತಾಗಲಿಲ್ಲ. ತ್ರಿತ್ವವನ್ನು ಒಪ್ಪಲು ತಕರಾರು. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಇರಲಿ ಎಂಬ ಹಟ. ಮೊಟ್ಟೆ ಮಾಂಸ ಮುಟ್ಟುವುದಿಲ್ಲ. ಚೆಲ್ಟೆನ್‌ಹ್ಯಾಂ ಕಾಲೇಜಿನಲ್ಲಿ ಅವರು ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳುವ ಮಾತು ಬಂದಾಗ ಬಿಷಪ್ಪರು ಬೇಡವೆಂದರು. ನನ್ನ ದೇಶದಲ್ಲಿ ಗಂಡಸರ ಸಭೆಯಲ್ಲಿ ಮಾತಾಡಿದವಳು ನಾನು ಎಂದು ರಮಾಬಾಯಿ ತಿರುಗಿಬಿದ್ದರು. ಸ್ವದೇಶದ ಪುರೋಹಿತರ ನೊಗವನ್ನು ಬಹಳ ಕಷ್ಟಪಟ್ಟು ಕಳಚಿದ್ದೇನೆ, ಅಂಥದೇ ಇನ್ನೊಂದಕ್ಕೆ ಕೊರಳೊಡ್ಡಲಾರೆ ಎಂಬ ಅರ್ಥದ ಅವರ ಕಾಗದ ಉಳಿದಿದೆ. ಅವರ ಭಕ್ತಿಯ ಬಗೆ ತಿಳಿಯಬೇಕಾದವರು ಗಮನಿಸಬೇಕಾದದ್ದು ಇದನ್ನು. ದೇವರಿಗೆ ಪೂರ್ತಿ ಒಪ್ಪಿಸಿಕೊಂಡ ಹೆಂಗಸು ದೇವರ ಏಜೆಂಟರಿಗೆ ಒಂದಿಷ್ಟೂ ಒಪ್ಪಿಸಿಕೊಳ್ಳಲಿಲ್ಲ.

ಮೆಥಡಿಸ್ಟ್ ಗೆಳತಿಯ ವೇದಿಕೆ

ಬಂಧುವೇ ಆಗಿದ್ದ ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ಡಾಕ್ಟರಾಗುವುದನ್ನು ನೋಡಲು 1886ರಲ್ಲಿ ರಮಾಬಾಯಿ ಅಮೆರಿಕಕ್ಕೆ ಹೋದರು. ತಿಂಗಳುಗಳ ಮಟ್ಟಿಗೆಂದು ಹೋದವರು ಎರಡು ವರ್ಷಕ್ಕೂ ಮಿಕ್ಕಿ ಉಳಿದರು. ಮೆಥಡಿಸ್ಟ್ ಆಗಿದ್ದ ಫ್ರಾನ್ಸಿಸ್ ವಿಲ್ಲಾರ್ಡ್ ಆಗ ಪಾನನಿಷೇಧಕ್ಕಾಗಿ ಹೋರಾಡುತ್ತಿದ್ದ ಮಹಿಳಾ ಕ್ರೈಸ್ತ ಸಂಘವನ್ನು ದೇಶವ್ಯಾಪಿ ಸೈನ್ಯದಂತೆ ಕಟ್ಟಿದ್ದರು. ಹೆಂಗಸರಿಗೆ ಮತದ ಹಕ್ಕು ಬೇಕೆಂದೂ ಅವರು ಕೂಗುತ್ತಿದ್ದರು. ರಮಾಬಾಯಿಗೆ ಅವರು ಗೆಳತಿಯಾದರು, ವೇದಿಕೆ ಕೊಟ್ಟರು. ಹೆಂಗಸರೇ ಚಂದಾ ಎತ್ತಿ, ಲೆಕ್ಕ ಬರೆದು, ಸಂಸ್ಥೆ ನಡೆಸುವುದನ್ನು ರಮಾಬಾಯಿ ಅಲ್ಲಿ ಕಣ್ಣಾರೆ ಕಂಡರು. ಮುಂದೆ ತಮ್ಮದೇ ಸಂಸ್ಥೆ ಕಟ್ಟಿದಾಗ ಅದು ಕೆಲಸಕ್ಕೆ ಬಂತು.

1887ರಲ್ಲಿ ಹೊರಬಂದ ಅವರ ಇಂಗ್ಲಿಷ್ ಪುಸ್ತಕ ‘ದಿ ಹೈ ಕಾಸ್ಟ್ ಹಿಂದೂ ವುಮನ್’. 1881ರ ಜನಗಣತಿಯ ಪ್ರಕಾರ ದೇಶದ ವಿಧವೆಯರ ಸಂಖ್ಯೆ ಎರಡು ಕೋಟಿ ಮೀರಿತ್ತು. ತಲೆ ಬೋಳಿಸುವುದು, ಒಪ್ಪೊತ್ತು ಊಟ, ಶುಭಕಾರ್ಯಕ್ಕೆ ಎದುರು ಬಾರದಂತೆ ಕತ್ತಲ ಕೋಣೆ: ಎಲ್ಲವನ್ನೂ ಅಮೆರಿಕದ ಓದುಗರ ಮುಂದಿಟ್ಟರು. ಸ್ವಾಮಿ ವಿವೇಕಾನಂದರು ಮುಂದೆ ಅಮೆರಿಕಕ್ಕೆ ಹೋದಾಗ ರಮಾಬಾಯಿಯ ಬೆಂಬಲಿಗರೊಡನೆ ಇದೇ ಚಿತ್ರಣದ ಬಗ್ಗೆ ವಾಗ್ವಾದ ನಡೆಯಿತು. ಪುಸ್ತಕವೇನೋ ಸಾವಿರಾರು ಪ್ರತಿ ಮಾರಾಟವಾಯಿತು. 1887ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ರಮಾಬಾಯಿ ಸಂಘ ಹತ್ತು ವರ್ಷ ಹಣ ಕೊಡುವ ಮಾತು ಕೊಟ್ಟಿತು.

ತೆರೆದ ಬಾಗಿಲಿನ ಜಗಳ

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ಶುರುವಾಯಿತು. ಮರುವರ್ಷ ಪುಣೆಗೆ ಬಂತು. ವಿಧವೆಯರಿಗೆ ವಸತಿ, ಓದು, ಕೈಕಸಬು. ಜಾತಿ ನಿಯಮಕ್ಕೆ ಭಂಗ ಬಾರದ ಅಡುಗೆಮನೆ. ಧರ್ಮ ಬೋಧಿಸುವುದಿಲ್ಲ, ಇರುವ ಧರ್ಮಕ್ಕೆ ಅಡ್ಡಿಯನ್ನೂ ಮಾಡುವುದಿಲ್ಲ ಎಂಬ ಕಟ್ಟುಪಾಡು. ಮೊದಮೊದಲು ಸೇರಿದ ವಿಧವೆಯರಲ್ಲಿ ಒಬ್ಬಳಾದ ಗೋದೂಬಾಯಿಯನ್ನು 1893ರಲ್ಲಿ ಧೋಂಡೊ ಕೇಶವ ಕರ್ವೆ ಮದುವೆಯಾದರು. ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಮಹರ್ಷಿ ಕರ್ವೆ ಇವರೇ.

ರಮಾಬಾಯಿ ಮುಂಜಾನೆ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಬಾಗಿಲು ಹಾಕಿಕೊಳ್ಳಿ ಎಂದರು ಹಿತೈಷಿಗಳು. ನನ್ನ ಮನೆಯಲ್ಲಿ ನನ್ನ ದೇವರನ್ನು ಕದ್ದು ಕರೆಯಲಾರೆ ಎಂಬುದು ಅವರ ನಿಲುವು. ತಿಲಕರ ‘ಕೇಸರಿ’ ಪತ್ರಿಕೆ ದಾಳಿ ನಡೆಸಿತು. 1893ರಲ್ಲಿ ರಾನಡೆ, ಭಾಂಡಾರ್ಕರ್ ಮುಂತಾದ ಸುಧಾರಕರು ಸದನದ ಸಲಹಾ ಸಮಿತಿ ಬಿಟ್ಟರು. ಇಪ್ಪತ್ತೈದು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು.

ಎರಡೂ ಕಡೆಯವರ ಮಾತಿನಲ್ಲಿ ಹುರುಳಿತ್ತು. ಧರ್ಮದ ಗೊಡವೆಯಿಲ್ಲವೆಂದು ನಂಬಿ ವಿಧವೆ ಮಗಳನ್ನು ಕಳಿಸಿದ ತಂದೆಗೆ ಆತಂಕವಾದದ್ದು ಸಹಜ. ಆದರೆ ಆ ಮಗಳಿಗೆ ಮನೆಯಲ್ಲಿ ಏನು ಕಾದಿತ್ತೆಂಬುದನ್ನು ‘ಕೇಸರಿ’ ಕೇಳಲಿಲ್ಲ. ರಮಾಬಾಯಿಗೆ ಇದು ತಿರುವು. ಇನ್ನು ಮುಂದೆ ಅರ್ಧ ಮುಚ್ಚಿದ ಬಾಗಿಲು ಬೇಡ, ಸಂಸ್ಥೆ ಬಹಿರಂಗವಾಗಿಯೇ ಕ್ರೈಸ್ತವಾಗಿರಲಿ ಎಂದು ಪುಣೆಯಿಂದಾಚೆ ಕೇಡಗಾಂವ್‌ನಲ್ಲಿ ನೂರು ಎಕರೆ ಜಮೀನು ಕೊಂಡರು.

ಬರಕ್ಕೆ ಬರೆದ ಉತ್ತರ

1896ರ ಕೊನೆಗೆ ಮಧ್ಯಪ್ರಾಂತ್ಯದಿಂದ ಬರದ ಸುದ್ದಿ ಬಂದಾಗ ರಮಾಬಾಯಿ ತಾವೇ ಹೊರಟರು. ಅವರಿಗೆ ಅದು ಓದಿ ತಿಳಿದ ಸುದ್ದಿಯಲ್ಲ. ಎಲೆ ತಿಂದ ಹೊಟ್ಟೆ ಹೇಗೆ ಊದಿಕೊಳ್ಳುತ್ತದೆಂದು ಗೊತ್ತಿತ್ತು. ಬರ ಪರಿಹಾರದ ಶಿಬಿರಗಳ ಸುತ್ತ ಹುಡುಗಿಯರನ್ನು ಮಾರಾಟಕ್ಕೆ ಒಯ್ಯುವ ದಲ್ಲಾಳಿಗಳು ಸುಳಿಯುವುದನ್ನೂ ಕಂಡರು. ಮುನ್ನೂರು ಮಂದಿ ಹೆಣ್ಣುಮಕ್ಕಳನ್ನು ರೈಲಿನಲ್ಲಿ ಕರೆತಂದರು.

ಅಷ್ಟರಲ್ಲಿ ಪುಣೆಗೆ ಪ್ಲೇಗ್. ಊರೊಳಗೆ ಇಷ್ಟು ಜನ ಇರುವಂತಿಲ್ಲವೆಂದು ಅಧಿಕಾರಿಗಳು ತಡೆದರು. ಎಲ್ಲರೂ ಕೇಡಗಾಂವ್‌ನ ಬಯಲಿಗೆ, ಜೋಪಡಿಗಳಿಗೆ. ಪ್ಲೇಗ್ ಆಸ್ಪತ್ರೆಯಲ್ಲಿ ತಮ್ಮ ಹುಡುಗಿಯೊಬ್ಬಳಿಗೆ ಆದ ಗತಿಯನ್ನು ಖಂಡಿಸಿ 1897ರಲ್ಲಿ ರಮಾಬಾಯಿ ಪತ್ರಿಕೆಗೆ ಬರೆದ ಕಾಗದ ಬ್ರಿಟಿಷ್ ಸರ್ಕಾರಕ್ಕೇ ಮುಜುಗರ ತಂದಿತು. ಕ್ರೈಸ್ತಳಾದ ಮೇಲೆ ದೊರೆಗಳ ಪಕ್ಷ ಸೇರಿದಳೆಂದು ಹೀಯಾಳಿಸುತ್ತಿದ್ದವರು ಆಗ ಸುಮ್ಮನಾಗಬೇಕಾಯಿತು.

1898ರ ಸೆಪ್ಟೆಂಬರ್‌ನಲ್ಲಿ ಮುಕ್ತಿ ಸದನ ವಿಧಿವತ್ತಾಗಿ ಆರಂಭವಾಯಿತು. 1900ರ ಹೊತ್ತಿಗೆ ಗುಜರಾತಿನ ಬರ ಇನ್ನೂ ನೂರಾರು ಮಂದಿಯನ್ನು ತಂದಿತು. ಸುಮಾರು ಎರಡು ಸಾವಿರ ಜನರ ಊರಾಯಿತು ಅದು. ಬಾವಿ ತೋಡಿದರು, ತೋಟ ಮಾಡಿದರು, ಹಸು ಕಟ್ಟಿದರು. ಮಗ್ಗ, ಎಣ್ಣೆಯ ಗಾಣ, ಹೊಲಿಗೆ, ಬುಟ್ಟಿ ಹೆಣಿಗೆ, ಅಚ್ಚುಕೂಟ. ಎಲ್ಲ ಕೆಲಸಕ್ಕೂ ಹೆಂಗಸರೇ. ಕೆಟ್ಟುಹೋದವರೆಂದು ಊರು ಕೈಬಿಟ್ಟವರಿಗೆ ಕೃಪಾ ಸದನ, ವಯಸ್ಸಾದವರಿಗೆ ಪ್ರೀತಿ ಸದನ. ಕುರುಡರಿಗೆ ಬೇರೆ ಶಾಲೆ. ಮನೋರಮಾ ಬ್ರೈಲ್ ಕಲಿತು ಬಂದು ಪಾಠ ಹೇಳುತ್ತಿದ್ದರು. ಈ ಹೆಣ್ಣುಮಕ್ಕಳಲ್ಲಿ ಬಹುಪಾಲು ಕ್ರೈಸ್ತರಾದರು ಎಂಬುದೂ ನಿಜ. ಹಸಿದವರ ಮುಂದೆ ಅನ್ನವನ್ನೂ ದೇವರನ್ನೂ ಒಟ್ಟಿಗೆ ಇಡುವುದು ಸರಿಯೇ ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಅದನ್ನು ಕೇಳುವವರು ಆ ಹುಡುಗಿಯರಿಗೆ ಆಗ ಬೇರೆ ಯಾರು ಅನ್ನ ಇಟ್ಟಿದ್ದರು ಎಂಬುದನ್ನೂ ಕೇಳಿಕೊಳ್ಳಬೇಕು.

ಕೇಡಗಾಂವ್‌ನಿಂದ ಚಿಲಿಗೆ

ಮುಕ್ತಿಯ ಆರಂಭದ ವರ್ಷದಲ್ಲೇ ಬಂದು ಸೇರಿದವರು ಮಿನ್ನಿ ಅಬ್ರಾಮ್ಸ್. ಅಮೆರಿಕದ ಮೆಥಡಿಸ್ಟ್ ಸಭೆಯ ಮಹಿಳಾ ಮಿಷನ್ 1887ರಲ್ಲಿ ಮುಂಬಯಿಗೆ ಕಳಿಸಿದ್ದ ಕಾರ್ಯಕರ್ತೆ. ಬೆಂಗಳೂರಿಗೆ ವಿಲಿಯಂ ಟೇಲರ್ ತಂದದ್ದೂ ಅದೇ ಸಭೆಯನ್ನು. ಮೆಥಡಿಸ್ಟರಿಗೆ ಭಕ್ತಿಯೆಂದರೆ ಎದೆ ಕರಗುವ ಅನುಭವ, ಗುಂಪುಗುಂಪಾಗಿ ಪ್ರಾರ್ಥನೆ, ಕಟ್ಟುನಿಟ್ಟಾದ ದಿನಚರಿ. ರಮಾಬಾಯಿಗೆ ಇದು ಹಿಡಿಸಿತು. ಪಂಥದ ಪಟ್ಟಿಗೆ ಹೆಸರು ಬರೆಸದೆ, ಪಂಥದಿಂದ ಬೇಕಾದ್ದನ್ನು ತೆಗೆದುಕೊಳ್ಳುವುದು ಅವರಿಗೆ ವಾಂಟೇಜ್‌ನಿಂದಲೇ ರೂಢಿ.

1905ರಲ್ಲಿ ನೂರಾರು ಹೆಂಗಸರು ದಿನಕ್ಕೆರಡು ಬಾರಿ ಕೂಡಿ ಪ್ರಾರ್ಥಿಸತೊಡಗಿದರು. ಜೂನ್ ಕೊನೆಯಲ್ಲಿ ಅದು ಕಟ್ಟೆಯೊಡೆಯಿತು. ಅಳು, ಹಾಡು, ಪಾಪ ಒಪ್ಪಿಕೊಳ್ಳುವುದು, ಮೈಮರೆತ ಮಾತು. ಮುಕ್ತಿಯ ಪುನರುಜ್ಜೀವನ ಎಂದು ಚರಿತ್ರೆಕಾರರು ಇದನ್ನು ಗುರುತಿಸುತ್ತಾರೆ. ಇಂಥದೇ ಪ್ರಾರ್ಥನೆಗೆ ಪ್ರಸಿದ್ಧವಾದ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಕೂಟಗಳು ಶುರುವಾದದ್ದು ಮರುವರ್ಷ, 1906ರಲ್ಲಿ.

ಅಬ್ರಾಮ್ಸ್ ಇದನ್ನೆಲ್ಲ ಒಂದು ಕಿರುಪುಸ್ತಕವಾಗಿ ಬರೆದು ಹಳೆಯ ಸಹಪಾಠಿ ಮೇ ಹೂವರ್ ಅವರಿಗೆ ಕಳಿಸಿದರು. ಆಕೆಯ ಗಂಡ ವಿಲ್ಲಿಸ್ ಹೂವರ್ ಚಿಲಿ ದೇಶದ ವಾಲ್ಪರೈಸೊದಲ್ಲಿ ಮೆಥಡಿಸ್ಟ್ ಪಾದ್ರಿ. ಪುಸ್ತಕ ಓದಿದ ಆ ಸಭೆಯಲ್ಲಿ 1909ರಲ್ಲಿ ಇಂಥದೇ ಪ್ರಾರ್ಥನೆ ಶುರುವಾಯಿತು. ಮೇಲಿನವರು ಒಪ್ಪಲಿಲ್ಲ, ಸಭೆ ಒಡೆಯಿತು, ಮೆಥಡಿಸ್ಟ್ ಪೆಂಟೆಕೋಸ್ಟಲ್ ಸಭೆ ಹುಟ್ಟಿತು. ಇಂದು ಅದು ಚಿಲಿಯ ದೊಡ್ಡ ಪ್ರೊಟೆಸ್ಟೆಂಟ್ ಸಭೆಗಳಲ್ಲೊಂದು. ಬರದಿಂದ ಉಳಿದ ಹಳ್ಳಿಯ ಹೆಣ್ಣುಮಕ್ಕಳ ಪ್ರಾರ್ಥನೆ ದಕ್ಷಿಣ ಅಮೆರಿಕದ ಒಂದು ದೇಶದ ಧಾರ್ಮಿಕ ನಕ್ಷೆಯನ್ನೇ ಬದಲಿಸಿತು.

ಕಲಬುರಗಿಯ ಶಾಲೆ, ಕೊನೆಯ ಪ್ರೂಫ್

ಕನ್ನಡ ನೆಲಕ್ಕೆ ರಮಾಬಾಯಿಯ ಕೆಲಸ ಮರಳಿದ್ದು ನಿಜಾಮರ ಸೀಮೆಯ ಕಲಬುರಗಿಯಲ್ಲಿ. 1912–13ರ ಸುಮಾರಿಗೆ ಅಲ್ಲಿ ಶಾಂತಿ ಸದನ ಎಂಬ ಶಾಲೆ ತೆರೆದರು. ನಡೆಸುವ ಹೊಣೆ ಮನೋರಮಾ ಅವರದು. ಹೆಣ್ಣುಮಕ್ಕಳ ಶಾಲೆಯೆಂಬುದೇ ಅಪರೂಪವಾಗಿದ್ದ ಆ ಭಾಗದಲ್ಲಿ ಅದು ಸಣ್ಣ ಸಾಹಸವಲ್ಲ.

ರಮಾಬಾಯಿ ತಾವು ಹಿಡಿದದ್ದು ಬೈಬಲಿನ ಭಾಷಾಂತರ. ಇದ್ದ ಮರಾಠಿ ಬೈಬಲ್ ಅಕ್ಷರ ಕಲಿತ ಬಡ ಹೆಂಗಸಿಗೆ ಬಿಡಿಸಿಕೊಳ್ಳಲಾಗದಷ್ಟು ಸಂಸ್ಕೃತಮಯವೆಂದು ಅವರಿಗೆ ಅನಿಸಿತು. ಭಾಗವತವನ್ನು ಬಾಯಿಪಾಠ ಮಾಡಿದ್ದ ಪಂಡಿತೆ ಸಂಸ್ಕೃತವನ್ನು ಕೈಬಿಟ್ಟು ಅಡುಗೆಮನೆಯ ಮರಾಠಿಗೆ ಇಳಿದರು. ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತರು. ಕಿವಿ ಕೇಳದು, ಆರೋಗ್ಯ ಸರಿಯಿಲ್ಲ. ಹದಿನೆಂಟು ವರ್ಷ ಕೂತರು. ಅಕ್ಷರ ಜೋಡಿಸಿದವರೂ ಅಚ್ಚು ಹಾಕಿದವರೂ ಮುಕ್ತಿಯ ಹೆಂಗಸರು. ಒಬ್ಬ ಮಹಿಳೆ ಇಡೀ ಬೈಬಲನ್ನು ಮೂಲದಿಂದ ಭಾಷಾಂತರಿಸಿದ ನಿದರ್ಶನ ಜಗತ್ತಿನಲ್ಲೇ ವಿರಳ. 1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು.

1921ರ ಜುಲೈ 24ರಂದು ಮನೋರಮಾ ತೀರಿಕೊಂಡರು. ವಯಸ್ಸು ನಲವತ್ತು. ರಮಾಬಾಯಿಯ ಸಂಸಾರದ ಕೊನೆಯ ಕೊಂಡಿಯೂ ಕಳಚಿತು. ತಾಯಿ ಎದೆಗುಂದಿದರೂ ಪ್ರೂಫ್ ತಿದ್ದುವುದನ್ನು ಬಿಡಲಿಲ್ಲ. ಉಳಿದ ಪುಟ ಮುಗಿಸಲು ಹತ್ತು ದಿನ ಕೊಡು ಎಂದು ದೇವರನ್ನು ಬೇಡಿದರೆಂದೂ, ಹತ್ತನೆಯ ದಿನ ಕೆಲಸ ಮುಗಿಯಿತೆಂದೂ ಮುಕ್ತಿಯಲ್ಲಿ ಹೇಳುತ್ತ ಬಂದಿದ್ದಾರೆ. 1922ರ ಏಪ್ರಿಲ್ 5ರಂದು ನಿದ್ದೆಯಲ್ಲೇ ಪ್ರಾಣ ಹೋಯಿತು. ವಯಸ್ಸು ಅರವತ್ತನಾಲ್ಕು ತುಂಬಲು ಹದಿನೆಂಟು ದಿನ ಬಾಕಿಯಿತ್ತು. ಕೇಡಗಾಂವ್‌ನಲ್ಲೇ ಮಣ್ಣು ಮಾಡಿದರು. ಇಡೀ ಬೈಬಲ್ ಹೊರಬಂದದ್ದು 1924ರಲ್ಲಿ.

ನಮ್ಮವರ ಸಾಲಿನಲ್ಲಿ

ರಮಾಬಾಯಿಯನ್ನು ಪೂರ್ತಿಯಾಗಿ ಒಪ್ಪಿಕೊಂಡವರು ಕಡಿಮೆ. ಸುಧಾರಕರಿಗೆ ವಿಧವೆಯರ ಪರ ನಿಂತ ಪಂಡಿತೆ ಬೇಕಿತ್ತು, ಕ್ರೈಸ್ತೆ ಬೇಡವಾಗಿತ್ತು. ಮಿಷನರಿಗಳಿಗೆ ಕ್ರೈಸ್ತೆ ಬೇಕಿತ್ತು, ಎದುರಾಡುವ ಹೆಂಗಸು ಬೇಡವಾಗಿತ್ತು. ರಾಷ್ಟ್ರೀಯವಾದಿಗಳು 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದ ಮಹಿಳಾ ಪ್ರತಿನಿಧಿಯನ್ನು ಬೇಗ ಮರೆತರು. ಸ್ತ್ರೀವಾದಿ ಇತಿಹಾಸಕಾರರು, ಮುಖ್ಯವಾಗಿ ಮೀರಾ ಕೊಸಾಂಬಿ, ಉಮಾ ಚಕ್ರವರ್ತಿ, ಇಪ್ಪತ್ತನೆಯ ಶತಮಾನದ ಕೊನೆಗೆ ಆಕೆಯನ್ನು ಮತ್ತೆ ಮುಂದಕ್ಕೆ ತಂದರು. 1989ರಲ್ಲಿ ಭಾರತ ಸರ್ಕಾರ ಅಂಚೆಚೀಟಿ ಹೊರಡಿಸಿತು. ಶುಕ್ರಗ್ರಹದ ಕುಳಿಯೊಂದಕ್ಕೂ ಅವರ ಹೆಸರಿದೆ.

ನಮ್ಮಲ್ಲೂ ಇಂಥ ಹೆಂಗಸರ ಪರಂಪರೆಯೊಂದಿದೆ. ತರಗುಪೇಟೆಗೆ ತಾಗಿದ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದ, ‘ಸರಸ್ವತಿ’ ಪತ್ರಿಕೆ ನಡೆಸಿದ ಆರ್. ಕಲ್ಯಾಣಮ್ಮ ಬಾಲವಿಧವೆ. ಕನ್ನಡದಲ್ಲಿ ಬರೆದು, ತಾವೇ ಪ್ರಕಾಶನ ನಡೆಸಿದ ನಂಜನಗೂಡು ತಿರುಮಲಾಂಬ ಬಾಲವಿಧವೆ. ಬಸವನಗುಡಿಯ ಮಹಿಳಾ ಸೇವಾ ಸಮಾಜ 1913ರಷ್ಟು ಹಿಂದೆಯೇ ಹೆಣ್ಣುಮಕ್ಕಳ ಕಲಿಕೆಗೆ ಮನೆಯಾಯಿತು. ಇವರು ಹಿಂದೂ ಮನೆಗಳ ಒಳಗಿದ್ದೇ ದಾರಿ ಮಾಡಿಕೊಂಡವರು. ರಮಾಬಾಯಿ ಹೊರಗೆ ಹೋಗಿ ಮಾಡಿದರು. ಎರಡೂ ದಾರಿ ಒಂದೇ ಕತ್ತಲ ಕೋಣೆಯಿಂದ ಹೊರಟವು, ಎರಡಕ್ಕೂ ಪುಸ್ತಕವೇ ದೀಪವಾಯಿತು. ಕನ್ನಡದ ಮಹಿಳಾ ಚರಿತ್ರೆ ಬರೆಯುವಾಗ ಕಲ್ಯಾಣಮ್ಮ, ತಿರುಮಲಾಂಬರ ಪಕ್ಕದಲ್ಲೇ ಮಾಳದ ರಮಾಬಾಯಿಗೂ ಜಾಗ ಸಲ್ಲಬೇಕು. ಭಾಷೆ ಮರಾಠಿ, ಧರ್ಮ ಬೇರೆ ಎಂಬ ಕಾರಣಕ್ಕೆ ಹೊರಗಿಡುವುದು ಸಲ್ಲದು.

ಕಾರ್ಕಳದಿಂದ ಕುದುರೆಮುಖದ ಕಡೆಗೆ ಹೋಗುವ ಪ್ರವಾಸಿಗರು ಮಾಳದ ಬಳಿಯೇ ಘಟ್ಟ ಹತ್ತುತ್ತಾರೆ. ಆ ಸೀಮೆಯ ಶಾಲಾ ಮಕ್ಕಳಿಗಾದರೂ ರಮಾಬಾಯಿಯ ಬದುಕನ್ನು ಪಾಠವಾಗಿ ಹೇಳಿಕೊಡುವ ಕೆಲಸವನ್ನು ಶಿಕ್ಷಣ ಇಲಾಖೆ, ಅಲ್ಲಿನ ಪಂಚಾಯಿತಿ, ಊರಿನ ಸಾಹಿತ್ಯಾಸಕ್ತರು ಸೇರಿ ಮಾಡಬಹುದು. ಖರ್ಚೇನೂ ಹೆಚ್ಚಿಲ್ಲ. ಕೇಡಗಾಂವ್‌ನ ಮುಕ್ತಿ ಮಿಷನ್ ಇಂದಿಗೂ ನಡೆಯುತ್ತಿದೆ, ನಿರ್ಗತಿಕ ಹೆಂಗಸರನ್ನೂ ಮಕ್ಕಳನ್ನೂ ಸಾಕುತ್ತಿದೆ.